ಹೈದರಾಬಾದಿನ ಲೆಕ್ಕ, ಟ್ರಿಯೆಸ್ಟೆಯ ಬೆಳಕು

ಹೈದರಾಬಾದಿನ ಪಶ್ಚಿಮಕ್ಕೆ, ಗಚ್ಚಿಬೌಲಿಯಿಂದ ಸಂಗಾರೆಡ್ಡಿ ಕಡೆಗೆ, ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಮೂರು ನೆಲೆಗಳಿವೆ. ಬೆಳಕು ಬಿದ್ದಾಗ ಪರಮಾಣುವಿನಿಂದ, ಅಣುವಿನಿಂದ ಎಲೆಕ್ಟ್ರಾನ್ ಹೇಗೆ ಹೊರಬೀಳುತ್ತದೆ ಎಂಬುದು ಆ ಪ್ರಶ್ನೆ. 1974ರಲ್ಲಿ ಸ್ಥಾಪನೆಯಾದ, ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಅದರ ಗಣಿತ ನಡೆಯುತ್ತದೆ. ಗೋಪನಪಲ್ಲಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ, ಎಂದರೆ ಟಿಐಎಫ್‌ಆರ್ ಕೇಂದ್ರ ಮತ್ತು ಕಂದಿಯ ಐಐಟಿಯವರದು ಪ್ರಯೋಗದ ಹಾದಿ. ಆದರೆ ಪ್ರಯೋಗಕ್ಕೆ ಬೇಕಾದ ಬೆಳಕು ಬಹುಮಟ್ಟಿಗೆ ಇಟಲಿಯ ಟ್ರಿಯೆಸ್ಟೆಯಿಂದ ಬಂದಿದೆ. ಈ ಕ್ಷೇತ್ರದ ಚರಿತ್ರೆ ತಿಳಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಮೊದಲಿನಿಂದಲೂ ಇದು ತಕ್ಕ ಬೆಳಕು ಸಿಕ್ಕಾಗ ಮುಂದೆ ಸಾಗಿದೆ, ಸಿಗದಾಗ ನಿಂತಿದೆ.

1887ರಲ್ಲಿ ಹೈನ್ರಿಕ್ ಹರ್ಟ್ಸ್ ನೇರಳಾತೀತ ಬೆಳಕು ಬಿದ್ದ ಲೋಹದ ತುದಿಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಕಂಡ. 1902ರಲ್ಲಿ ಫಿಲಿಪ್ ಲೆನಾರ್ಡ್ ವಿಚಿತ್ರವಾದ ಸಂಗತಿಯೊಂದನ್ನು ತೋರಿಸಿದ: ಬೆಳಕನ್ನು ಎಷ್ಟೇ ಪ್ರಖರಗೊಳಿಸಿದರೂ ಹೊರಬೀಳುವ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಉತ್ತರ ಜಮಾ-ಖರ್ಚಿನಷ್ಟು ಸರಳ. ಬೆಳಕಿನ ಒಂದು ಕಣ ತಂದ ಶಕ್ತಿಯಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಆದ ವೆಚ್ಚ ಕಳೆದರೆ ಉಳಿದದ್ದು ಅದರ ಓಟದ ಶಕ್ತಿ. ಮಿಲಿಕನ್ ಇದನ್ನು ನಂಬದೆ ವರ್ಷಗಟ್ಟಲೆ ಅಳೆದು, ಕೊನೆಗೆ 1916ರಲ್ಲಿ ಸಮೀಕರಣ ಸರಿ ಎಂದು ತಾನೇ ಪ್ರಕಟಿಸಿದ.

ಇಲ್ಲಿಯವರೆಗಿನದು ಲೋಹದ ತಗಡಿನ ಕಥೆ. ಅನಿಲದ ಅಣುವಿನ ಹತ್ತಿರ ಬಂದಾಗ ತೊಡಕು ಶುರುವಾಯಿತು. ಅಣುಗಳ ಹಿಡಿತ ಬಿಗಿ. ಸಾರಜನಕದಿಂದ ಒಂದು ಎಲೆಕ್ಟ್ರಾನ್ ಬಿಡಿಸಲು 15.6 ಎಲೆಕ್ಟ್ರಾನ್ ವೋಲ್ಟ್ ಬೇಕು, ಹೀಲಿಯಂಗೆ 24.6. ಅಷ್ಟು ಶಕ್ತಿಯ ನೇರಳಾತೀತ ಬೆಳಕನ್ನು ಗಾಳಿ ನುಂಗುತ್ತದೆ, ಗಾಜು ನುಂಗುತ್ತದೆ, ಸ್ಫಟಿಕಶಿಲೆಯೂ ನುಂಗುತ್ತದೆ. 1961ರಲ್ಲಿ ಲೆನಿನ್‌ಗ್ರಾಡಿನ ವಿಲೆಸೊವ್, ಕುರ್ಬಾತೊವ್, ತೆರೆನಿನ್ ಲಿಥಿಯಂ ಫ್ಲೋರೈಡ್ ಕಿಟಕಿಯ ಮೂಲಕ ಬೆಳಕು ಹಾಯಿಸಿ ಅಣುಗಳ ಎಲೆಕ್ಟ್ರಾನ್ ರೋಹಿತ, ಎಂದರೆ ಯಾವ ಶಕ್ತಿಯ ಎಲೆಕ್ಟ್ರಾನುಗಳು ಎಷ್ಟು ಎಂಬ ನಕ್ಷೆ, ಪಡೆದರು. ಆದರೆ ಸುಮಾರು 12 ಎಲೆಕ್ಟ್ರಾನ್ ವೋಲ್ಟ್ ದಾಟಿದ ಬೆಳಕಿಗೆ ಆ ಕಿಟಕಿಯೂ ಮುಚ್ಚಿದ ಬಾಗಿಲೇ. ಮರುವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡೇವಿಡ್ ಟರ್ನರ್ ಕಿಟಕಿಯನ್ನೇ ತೆಗೆದುಹಾಕಿದರು. ಹೀಲಿಯಂ ಉರಿಯುವ ಸಣ್ಣ ಕೊಳವೆಯ ಬಾಯಿ ನೇರ ನಿರ್ವಾತ ಪೆಟ್ಟಿಗೆಗೆ ತೆರೆದಿತ್ತು. ಸೋರಿ ಬಂದ ಅನಿಲವನ್ನು ಪಂಪು ಎಳೆದುಕೊಳ್ಳುತ್ತಿತ್ತು. ಆ ದೀಪ ಕೊಟ್ಟದ್ದು 58.4 ನ್ಯಾನೊಮೀಟರಿನ, 21.22 ಎಲೆಕ್ಟ್ರಾನ್ ವೋಲ್ಟಿನ ಶುದ್ಧ ಬೆಳಕು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ನಿಜವಾಗಿ ಹುಟ್ಟಿದ್ದು ಆ ಕೊಳವೆಯಲ್ಲಿ.

ಸಾರಜನಕದ ರೋಹಿತವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ನಾವು ಉಸಿರಾಡುವ ಗಾಳಿಯ ನೂರರಲ್ಲಿ 78 ಪಾಲು ಇದೇ ಅಣು. ಹೀಲಿಯಂ ದೀಪದ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಮೂರು ಗುಂಪುಗಳಾಗಿ ಬರುತ್ತವೆ. ಬಿಡಿಸಲು ಆದ ವೆಚ್ಚ, ಎಂದರೆ ಬಂಧನಶಕ್ತಿ, ಲೆಕ್ಕ ಹಾಕಿದರೆ 15.6ರ ಬಳಿ ಒಂದು ಗುಂಪು, 17ರ ಆಸುಪಾಸಿನಲ್ಲಿ ಇನ್ನೊಂದು, 18.8ರ ಬಳಿ ಮತ್ತೊಂದು. ಮೊದಲನೆಯದು ಬಹುಮಟ್ಟಿಗೆ ಒಂದೇ ಚೂಪಾದ ಶಿಖರ. ಹೊರಟ ಎಲೆಕ್ಟ್ರಾನ್ ಎರಡು ಸಾರಜನಕಗಳನ್ನು ಕಟ್ಟಿಹಿಡಿಯುವುದರಲ್ಲಿ ಅಷ್ಟಾಗಿ ಪಾಲುಗೊಂಡಿರಲಿಲ್ಲ, ಹಾಗಾಗಿ ಅದು ಹೋದರೂ ಬಂಧದ ಉದ್ದ ಬಹಳ ಬದಲಾಗಲಿಲ್ಲ. ನಡುವಿನದು ಸಾಲು ಸಾಲು ಶಿಖರಗಳ ಪಟ್ಟಿ. ಬಂಧ ಕಟ್ಟುವ ಎಲೆಕ್ಟ್ರಾನೇ ಹೋದದ್ದರಿಂದ ಉಳಿದ ಅಯಾನು ಹಿಗ್ಗಿ ಕಂಪಿಸತೊಡಗಿತು, ಒಂದೊಂದು ಶಿಖರ ಒಂದೊಂದು ಹಂತದ ಕಂಪನ. ಪಠ್ಯಪುಸ್ತಕದಲ್ಲಿ ಬರೆದಿದ್ದ ಆರ್ಬಿಟಲ್‌ಗಳು ಹೀಗೆ ಕಾಗದದ ಮೇಲೆ ಗೆರೆಗಳಾಗಿ ಮೂಡಿದವು. ಇಂದಿಗೂ ರಸಾಯನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಅತ್ತ ಸ್ವೀಡನ್ನಿನ ಉಪ್ಸಾಲಾದಲ್ಲಿ ಕೈ ಸೀಗ್‌ಬಾನ್ ಕ್ಷ-ಕಿರಣ ಬಳಸಿ ಒಳಪದರದ ಎಲೆಕ್ಟ್ರಾನುಗಳನ್ನು ಅಳೆದರು; ಅವರಿಗೆ 1981ರ ನೊಬೆಲ್ ಬಂತು. ಎರಡೂ ವಿದ್ಯೆಗಳು ಕರ್ನಾಟಕಕ್ಕೆ ಬೇಗ ಬಂದವು. 1976ರಲ್ಲಿ ಸಿ.ಎನ್.ಆರ್. ರಾವ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನ ಘಟಕ ಕಟ್ಟಿದರು. ಅಲ್ಲಿ ಅವರು, ಎಂ.ಎಸ್. ಹೆಗ್ಡೆ, ಡಿ.ಡಿ. ಶರ್ಮಾ ಮುಂತಾದವರು ಅಣುಗಳ ಮೇಲೂ ಲೋಹದ ಆಕ್ಸೈಡುಗಳ ಮೇಲೂ ಈ ಅಳತೆ ನಡೆಸಿದರು. 1987ರ ಹೊತ್ತಿಗೆ ತಾಮ್ರದ ಆಕ್ಸೈಡಿನ ಹೊಸ ಅತಿವಾಹಕಗಳು ಬಂದಾಗ, ಕೊರತೆ ಬಿದ್ದ ಎಲೆಕ್ಟ್ರಾನ್ ತಾಮ್ರದ್ದಲ್ಲ, ಆಮ್ಲಜನಕದ್ದು ಎಂಬ ವಾದಕ್ಕೆ ಬಲ ಕೊಟ್ಟ ಅಳತೆಗಳಲ್ಲಿ ಬೆಂಗಳೂರಿನವೂ ಇದ್ದವು. ಆ ಪರಂಪರೆ ಕ್ರಮೇಣ ಘನವಸ್ತುಗಳ ಕಡೆ ವಾಲಿತು. ಬಿಡಿ ಅಣುವಿನ ಕೆಲಸ ಹಿಂದೆ ಬಿತ್ತು.

ಅದನ್ನು ಲೆಕ್ಕದ ಮೂಲಕ ಮತ್ತೆ ಕೈಗೆತ್ತಿಕೊಂಡವರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸುಶಾಂತ ಮಹಾಪಾತ್ರ ಮುಖ್ಯರು. ಸಾರಜನಕದಂತಹ ಸಣ್ಣ ಅಣು ಬಿಟ್ಟು ದೊಡ್ಡ ಅಣುಗಳಿಗೆ ಹೋದರೆ ಶಿಖರಗಳ ಅಚ್ಚುಕಟ್ಟು ಕೆಡುತ್ತದೆ. ಅಯಾನಿನ ಎರಡು ಶಕ್ತಿಸ್ಥಿತಿಗಳು ಒಂದು ಬಿಂದುವಿನಲ್ಲಿ ಸಂಧಿಸಿ, ಕಂಪನ ಮತ್ತು ಎಲೆಕ್ಟ್ರಾನಿನ ಚಲನೆ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಹೈಡೆಲ್‌ಬರ್ಗಿನ ಕೊಪೆಲ್, ಡಾಮ್ಕೆ, ಸೆಡರ್‌ಬಾಮ್ ಇದಕ್ಕೆ 1984ರಲ್ಲಿ ಗಟ್ಟಿ ಸಿದ್ಧಾಂತ ಕೊಟ್ಟಿದ್ದರು. ಅಲ್ಲಿ ಕೆಲಸ ಮಾಡಿ ಬಂದ ಮಹಾಪಾತ್ರ ಅದನ್ನು ಅಣುವಿನಿಂದ ಅಣುವಿಗೆ ವಿಸ್ತರಿಸಿದರು. ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಯ ಅಣು ಅವುಗಳಲ್ಲೊಂದು. ದೂರದ ನಕ್ಷತ್ರಗಳ ಬೆಳಕಿನಲ್ಲಿ ಕಾಣುವ, ನೂರು ವರ್ಷವಾದರೂ ಬಹುಪಾಲು ಬಿಡಿಸಲಾಗದ ಕಪ್ಪು ಪಟ್ಟಿಗಳಿಗೆ ಇಂಥ ಅಣುಗಳ ಅಯಾನುಗಳು ಕಾರಣವಿರಬಹುದೇ ಎಂಬ ಚರ್ಚೆ ನಡೆದಿತ್ತು. ಎಲೆಕ್ಟ್ರಾನ್ ಕಳೆದುಕೊಂಡ ನ್ಯಾಫ್ತಲೀನಿನ ಎರಡನೆಯ ಉದ್ರಿಕ್ತ ಸ್ಥಿತಿ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸೂಸದೆಯೇ ಕೆಳಗಿಳಿಯುತ್ತದೆ ಎಂದು ರೆಡ್ಡಿ, ಘಾಂಟಾ, ಮಹಾಪಾತ್ರ 2010ರಲ್ಲಿ ತೋರಿಸಿದರು. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಕೋಟಿ ಪಾಲಿನ ಹತ್ತು ಕೋಟಿಯಲ್ಲೊಂದು ಪಾಲು. ಪ್ರಯೋಗದಲ್ಲಿ ಸಿಕ್ಕಿದ್ದ ಸಂಖ್ಯೆಯೂ ಅದರ ಹತ್ತಿರದಲ್ಲೇ ಇತ್ತು.

ಕಂದಿಯ ಐಐಟಿಯ ವಂದನಾ ಶರ್ಮಾ, ಟಿಐಎಫ್‌ಆರ್ ಹೈದರಾಬಾದಿನ ರಾಮ್ ಗೋಪಾಲ್, ಐಐಟಿ ಮದ್ರಾಸಿನ ಎಸ್.ಆರ್. ಕೃಷ್ಣನ್, ಪುಣೆಯ ಭಾಸ್ ಬಾಪಟ್ ಮತ್ತು ವಿದೇಶದ ಜೊತೆಗಾರರು ಸೇರಿ 2020ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮೆಚ್ಚುಗೆಯಾದದ್ದು. ತೀರಾ ತಣ್ಣಗಾಗಿಸಿದ ಹೀಲಿಯಂ ಅನಿಲವನ್ನು ಸೂಜಿಮೊನೆಗಿಂತ ಸಣ್ಣ ರಂಧ್ರದಿಂದ ನಿರ್ವಾತಕ್ಕೆ ಚಿಮ್ಮಿಸಿದರೆ ಸಾವಿರಾರು ಪರಮಾಣುಗಳ ಹನಿಗಳಾಗುತ್ತವೆ. ಅವುಗಳ ಉಷ್ಣತೆ 0.37 ಕೆಲ್ವಿನ್. ದಾರಿಯಲ್ಲಿ ಅವಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಉರಿಸುವ ಅಸಿಟಿಲೀನಿನ ಅಣುಗಳನ್ನು ಹಿಡಿಸುತ್ತಾರೆ. ಮೇಲೆ ಬೀಳುವ ಬೆಳಕಿನ ಶಕ್ತಿ ಸುಮಾರು 21.6 ಎಲೆಕ್ಟ್ರಾನ್ ವೋಲ್ಟ್. ಹೀಲಿಯಂನಿಂದ ಎಲೆಕ್ಟ್ರಾನ್ ಬಿಡಿಸಲು ಅದು ಸಾಲದು. ಹೀಲಿಯಂ ಆ ಶಕ್ತಿಯನ್ನು ಹೀರಿ, ಒಳಗಿರುವ ಅಸಿಟಿಲೀನಿಗೆ ದಾಟಿಸುತ್ತದೆ. ಹೊರಗೆ ಬರುವುದು ಅಸಿಟಿಲೀನಿನ ಎಲೆಕ್ಟ್ರಾನ್. ಅದನ್ನು ಹಿಡಿಯುವುದು ಎಪ್ಪಿಂಕ್ ಮತ್ತು ಪಾರ್ಕರ್ 1997ರಲ್ಲಿ ರೂಪಿಸಿದ ವಿಧಾನ: ವಿದ್ಯುತ್ ಕ್ಷೇತ್ರದ ಮಸೂರ ಒಂದೇ ವೇಗದ ಎಲೆಕ್ಟ್ರಾನುಗಳನ್ನು ಪರದೆಯ ಮೇಲೆ ಒಂದೇ ಉಂಗುರವಾಗಿ ಬೀಳಿಸುತ್ತದೆ, ಉಂಗುರ ದೊಡ್ಡದಾದಷ್ಟೂ ವೇಗ ಹೆಚ್ಚು. ಉಂಗುರಗಳು ಹೇಳಿದ್ದೇನೆಂದರೆ, ಹನಿಯೊಳಗಿನ ಅಸಿಟಿಲೀನ್ ಅಣುಗಳು ರಾಸಾಯನಿಕವಾಗಿ ಬೆಸೆದುಕೊಂಡಿಲ್ಲ, ಸಡಿಲವಾಗಿ ಪಕ್ಕಪಕ್ಕ ಕೂತಿವೆ. ಅಳತೆ ನಡೆದದ್ದು ಟ್ರಿಯೆಸ್ಟೆಯ ಎಲೆಟ್ರಾ ಸಿಂಕ್ರೊಟ್ರಾನಿನಲ್ಲಿ, ಎಂದರೆ ಎಲೆಕ್ಟ್ರಾನುಗಳನ್ನು ವೇಗವಾಗಿ ಸುತ್ತಿಸಿ ಬೆಳಕು ತೆಗೆಯುವ ಯಂತ್ರದಲ್ಲಿ.

ನಮ್ಮಲ್ಲಿ ಸಿಂಕ್ರೊಟ್ರಾನ್ ಇಲ್ಲವೆಂದಲ್ಲ. ತುಮಕೂರು ಸೀಮೆಯವರಾದ ರಾಜಾ ರಾಮಣ್ಣನವರ ಹೆಸರು ಹೊತ್ತ ಇಂದೋರಿನ ಕೇಂದ್ರದಲ್ಲಿ 450 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಇಂಡಸ್-1 ಯಂತ್ರ 1999ರಲ್ಲಿ ಕೆಲಸ ಆರಂಭಿಸಿತು. ಇಂಡಸ್-2 ನಂತರ ಬಂತು. ಆದರೂ ಅನಿಲದ ಅಣುಗಳನ್ನೇ ನಂಬಿದ ಗುಂಪುಗಳು ಉಪಕರಣ ಹೊತ್ತು ವಿದೇಶಕ್ಕೆ ಹೋಗಿ, ಕೊಟ್ಟ ಕೆಲವೇ ದಿನಗಳಲ್ಲಿ ಅಳೆದು ಬರಬೇಕಾಗಿದೆ. ವಿದ್ಯಾರ್ಥಿಗೆ ತಪ್ಪು ಮಾಡಿ ಕಲಿಯುವ ಬಿಡುವು ಅಲ್ಲಿ ಇರುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುವ ಕೊರತೆ.

ದಾರಿ ತೆರೆದಿರುವುದು ಲೇಸರಿನಿಂದ. 1987ರಲ್ಲಿ ಆನ್ ಲೂಲಿಯೆ ಮತ್ತು ಜೊತೆಗಾರರು ತೀವ್ರ ಅವಕೆಂಪು ಲೇಸರನ್ನು ಜಡ ಅನಿಲದಲ್ಲಿ ಹಾಯಿಸಿ ಅದರ ಹಲವು ಪಟ್ಟು ಆವರ್ತನದ ಬೆಳಕು ಪಡೆದರು. ಅಲ್ಲಿಂದ ಬೆಳೆದ, ಫೆಮ್ಟೊಸೆಕೆಂಡಿನ ಸಾವಿರದಲ್ಲೊಂದು ಪಾಲನ್ನು ಅಳೆಯುವ ಅಟೊಸೆಕೆಂಡ್ ವಿದ್ಯೆಗೆ 2023ರ ನೊಬೆಲ್ ಸಂದಿತು. ನಿಯಾನಿನ ಎರಡು ಪದರಗಳಿಂದ ಎಲೆಕ್ಟ್ರಾನ್ ಹೊರಡುವ ಗಳಿಗೆಯಲ್ಲಿ 21 ಅಟೊಸೆಕೆಂಡ್ ಅಂತರವಿದೆ ಎಂಬ 2010ರ ಅಳತೆ ಸಿದ್ಧಾಂತಿಗಳನ್ನು ಎಬ್ಬಿಸಿತು. ಐಐಟಿ ಮದ್ರಾಸಿನಿಂದ ತಿರುಪತಿಗೆ ಬಂದ ಪ್ರಣವ ದೇಶಮುಖರ ಬಳಗ ಆ ವಿಳಂಬದಲ್ಲಿ ಸಾಪೇಕ್ಷತೆಯ ಪಾಲೆಷ್ಟು ಎಂದು ಲೆಕ್ಕ ಹಾಕಿತು. ಟಿಐಎಫ್‌ಆರ್ ಹೈದರಾಬಾದಿನಲ್ಲಿ ಈಗಾಗಲೇ ತೀವ್ರ ಫೆಮ್ಟೊಸೆಕೆಂಡ್ ಲೇಸರುಗಳಿವೆ. ಅವುಗಳಿಂದ ಇಂಥ ಬೆಳಕು ತೆಗೆದು, ಅನಿಲದ ಅಣುಗಳಿಗಾಗಿಯೇ ಮೀಸಲಾದ ಒಂದು ಪ್ರಯೋಗದ ಮೇಜು ಕಟ್ಟಬೇಕು; ನಗರದ ಮೂರೂ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅದು ವರ್ಷವಿಡೀ ಸಿಗುವಂತಿರಬೇಕು. ಮೊದಲ ಅಳತೆಗೆ ನ್ಯಾಫ್ತಲೀನೇ ಸಾಕು. ಅಗ್ಗ, ಸುಲಭವಾಗಿ ಆವಿಯಾಗುತ್ತದೆ, ಎಲೆಕ್ಟ್ರಾನ್ ಬಿಡಿಸಲು ಬೇಕಾದದ್ದು 8.1 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಫ್ರಾನ್ಸಿನ ಲಿಯೋನ್ ಗುಂಪು 2015ರಲ್ಲಿ ಇಂಥದೇ ಅಣುಗಳ ಮೇಲೆ ಈ ಬಗೆಯ ಅಳತೆ ಮಾಡಿ ತೋರಿಸಿದೆ. ಅದಕ್ಕೆ ಬೇಕಾದ ಲೆಕ್ಕ ಗಚ್ಚಿಬೌಲಿಯಲ್ಲಿ 2010ರಿಂದಲೇ ಸಿದ್ಧವಾಗಿದೆ.