ಹೆಸರಿನ ಅಳತೆ: ಕರ್ನೆಲ್ ಬರವಣಿಗೆಯಲ್ಲಿ ಮೇರೆ ಮೀರುವಿಕೆಯ ತಡೆಯ ಚರಿತ್ರೆ

ಬೆಂಗಳೂರು ದಂಡಿನ ‘ಶಿವಾಜಿನಗರ’ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 12 ಅಕ್ಷರಗಳಾಗುತ್ತವೆ; ಗಣಕಯಂತ್ರದಲ್ಲಿ ಅವು 12 ಬೈಟುಗಳಷ್ಟು ಸ್ಥಳವನ್ನು ಹಿಡಿಯುತ್ತವೆ. ಕನ್ನಡದಲ್ಲಿ ಬರೆದಾಗ ಕಣ್ಣಿಗೆ ಕಾಣುವುದು 6 ಅಕ್ಷರಗಳೇ. ಆದರೆ ಯೂನಿಕೋಡ್ ಪದ್ಧತಿಯು ವ್ಯಂಜನವನ್ನೂ ಸ್ವರಚಿಹ್ನೆಯನ್ನೂ ಬೇರೆಬೇರೆಯಾಗಿ ಎಣಿಸುವುದರಿಂದ ಅವು 9 ಸಂಕೇತಗಳಾಗುತ್ತವೆ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3ರಂತೆ 27 ಬೈಟುಗಳು ಬೇಕಾಗುತ್ತವೆ. ರೋಮನ್ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು 16 ಬೈಟುಗಳ ಜಾಗವನ್ನು ಮೀಸಲಿಟ್ಟವನ ಕಟ್ಟಿನೊಳಗೆ ಕನ್ನಡದ ಹೆಸರು ಹಿಡಿಯಲಾರದು. ಹೀಗೆ ಮೇರೆ ಮೀರುವ ಬರಹವು ಯಂತ್ರಕ್ಕೆ ತರುವ ಅಪಾಯವನ್ನೂ ಅದನ್ನು ತಡೆಯಲು ನಡೆದ ಯತ್ನಗಳ ಚರಿತ್ರೆಯನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವು ನಮ್ಮ ನಗರಕ್ಕೆ ಹೊರಗಿನದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಶಿವಾಜಿನಗರಕ್ಕೆ ಸಮೀಪದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ತನ್ನ ಕೇಂದ್ರವನ್ನು ತೆರೆದಂದಿನಿಂದ ತಂತ್ರಾಂಶದ ಬರವಣಿಗೆಯು ದಂಡಿನ ಕಸುಬುಗಳಲ್ಲಿ ಒಂದಾಗಿದೆ. ಇಂದು ಈ ಪ್ರದೇಶದ ಅಂಗಡಿಗಳಲ್ಲಿ ಮಾರಾಟವಾಗುವ ಆಂಡ್ರಾಯ್ಡ್ ದೂರವಾಣಿಗಳೆಲ್ಲವೂ ಲಿನಕ್ಸ್ ಕರ್ನೆಲನ್ನು ಆಧರಿಸಿವೆ. ಯಂತ್ರದ ಸಮಸ್ತ ಭಾಗಗಳ ಮೇಲೆ ಅಧಿಕಾರವುಳ್ಳ ಮೂಲ ಕ್ರಮವಿಧಿಗೆ ಕರ್ನೆಲ್ ಎಂದು ಹೆಸರು. ಆದ್ದರಿಂದ ಅಲ್ಲಿ ಸಂಭವಿಸುವ ತಪ್ಪಿನ ಪರಿಣಾಮ ಬೇರೆಲ್ಲಿಯ ತಪ್ಪಿಗಿಂತಲೂ ಗುರುತರವಾದುದು.

ಅಪಾಯದ ಮೂಲವಿರುವುದು ಸಿ ಭಾಷೆಯ ಒಂದು ರೂಢಿಯಲ್ಲಿ. ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಈ ಭಾಷೆಯಲ್ಲಿ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿಯು, ತನ್ನ ಉದ್ದವನ್ನು ತಾನು ಹೇಳುವುದಿಲ್ಲ; ಕೊನೆಯಲ್ಲಿ ಒಂದು ಶೂನ್ಯ ಬೈಟನ್ನು ಇಡಲಾಗುತ್ತದೆ, ಅಷ್ಟೆ. ‘ಸ್ಟ್ರ್‌ಕಾಪಿ’ ಎಂಬ ಕಾರ್ಯಭಾಗವು ಆ ಶೂನ್ಯ ಸಿಗುವವರೆಗೂ ನಕಲು ಮಾಡುತ್ತಲೇ ಹೋಗುತ್ತದೆ. ಎದುರಿಗಿರುವ ಪಾತ್ರೆ ಪಾವಿನದೋ ಸೇರಿನದೋ ಎಂದು ವಿಚಾರಿಸುವುದಿಲ್ಲ. ಪಾವಿನ ಪಾತ್ರೆಗೆ ಸೇರು ರಾಗಿ ಸುರಿದಂತೆ, ಹೆಚ್ಚಾದುದು ನೆರೆಯ ಜಾಗದ ಮೇಲೆ ಚೆಲ್ಲುತ್ತದೆ. ಆ ನೆರೆಯಲ್ಲಿ ಯಂತ್ರವು ಮುಂದೆ ಪಾಲಿಸಬೇಕಾದ ಆಜ್ಞೆಯ ವಿಳಾಸವಿದ್ದರೆ, ಚೆಲ್ಲಿದವನೇ ಯಂತ್ರದ ಒಡೆಯನಾಗಬಹುದು.

ಇದು ಮೊದಲು ತಿಳಿದಿರಲಿಲ್ಲವೆಂದು ಹೇಳಲಾಗದು. 1972ರಲ್ಲಿಯೇ ಅಮೆರಿಕದ ವಾಯುಸೇನೆಗಾಗಿ ಜೇಮ್ಸ್ ಆಂಡರ್ಸನ್ ಸಿದ್ಧಪಡಿಸಿದ ವರದಿಯಲ್ಲಿ ಈ ಬಗೆಯ ಆಕ್ರಮಣದ ವಿವರಣೆಯಿದೆ. ಆದರೂ ಎಚ್ಚರಿಕೆಯು ಕಾಗದದಲ್ಲಿಯೇ ಉಳಿಯಿತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯು ಬಿಟ್ಟ ‘ಹುಳು’ ಎಂಬ ಕ್ರಮವಿಧಿಯು, 512 ಬೈಟುಗಳ ಜಾಗಕ್ಕೆ 536 ಬೈಟುಗಳನ್ನು ತುಂಬಿ, ಅಂತರ್ಜಾಲದ ಸಾವಿರಾರು ಯಂತ್ರಗಳನ್ನು ಕುಂಠಿತಗೊಳಿಸಿತು. ಆಗ ದುರುಪಯೋಗಕ್ಕೆ ಒಳಗಾದ ‘ಗೆಟ್ಸ್’ ಎಂಬ ಕಾರ್ಯಭಾಗವನ್ನು ಸಿ ಭಾಷೆಯ ಪ್ರಮಾಣಗ್ರಂಥದಿಂದ ತೆಗೆದುಹಾಕಿದ್ದು 2011ರಲ್ಲಿ!

ಪರಿಹಾರದ ಸಾಮಗ್ರಿಯು ಕೈಯಲ್ಲಿಯೇ ಇದ್ದಿತೆಂಬುದು ಇಲ್ಲಿ ಗಮನಾರ್ಹ. ಕ್ರಮವಿಧಿಯನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರಿಗೆ ಅನೇಕ ಸಂದರ್ಭಗಳಲ್ಲಿ ಪಾತ್ರೆಯ ಅಳತೆಯೂ ಸುರಿಯಬೇಕಾದುದರ ಅಳತೆಯೂ ಗೊತ್ತಿರುತ್ತವೆ. 2004ರಲ್ಲಿ ಜಾಕುಬ್ ಯೆಲಿನೆಕ್ ಅವರು ಜಿಸಿಸಿ ಕಂಪೈಲರಿಗಾಗಿ ಈ ಎರಡನ್ನೂ ಹೋಲಿಸುವ ‘ಫೋರ್ಟಿಫೈ ಸೋರ್ಸ್’ ವಿಧಾನವನ್ನು ಮುಂದಿಟ್ಟರು. ಆದರೆ ಅದರ ಪ್ರಯೋಜನ ದೊರೆತದ್ದು ಸಾಮಾನ್ಯ ಕ್ರಮವಿಧಿಗಳಿಗೆ. ಕರ್ನೆಲ್ ಹೊರಗಿನ ಗ್ರಂಥಾಲಯವನ್ನು ಅವಲಂಬಿಸದೆ ಸ್ಟ್ರಿಂಗ್ ಕಾರ್ಯಭಾಗಗಳನ್ನು ತನ್ನಲ್ಲಿಯೇ ಇರಿಸಿಕೊಂಡಿರುವುದರಿಂದ, ಅಲ್ಲಿಗೆ ಈ ವಿಧಾನವು ಬರಲು 2017ರವರೆಗೆ ಕಾಯಬೇಕಾಯಿತು. ಡೇನಿಯಲ್ ಮಿಕೇ ಅವರ ಬರವಣಿಗೆಯು ಆ ವರ್ಷ ಲಿನಕ್ಸ್ 4.13ರಲ್ಲಿ ಸೇರಿತು.

ಇದರ ಕಾರ್ಯಕ್ರಮ ಮೂರು ಬಗೆಯದು. ಎರಡು ಅಳತೆಗಳೂ ಮುಂಚಿತವಾಗಿ ತಿಳಿದಿದ್ದು, ಸುರಿಯುವುದು ಹೆಚ್ಚಾಗಿದ್ದರೆ, ಕಂಪೈಲರ್ ಪರಿವರ್ತನೆಯನ್ನೇ ನಿರಾಕರಿಸುತ್ತದೆ. ತಪ್ಪು ಹುಟ್ಟುವ ಮೊದಲೇ ಅಳಿಯುತ್ತದೆ. ನಮ್ಮ ಉದಾಹರಣೆಯ 27 ಬೈಟುಗಳೂ ಕೊನೆಯ ಶೂನ್ಯವೂ ಸೇರಿ 28 ಆಗುವುದರಿಂದ, 16ರ ಜಾಗಕ್ಕೆ ಅದನ್ನು ‘ಸ್ಟ್ರ್‌ಕಾಪಿ’ ಮಾಡಹೊರಟವನು ಇಲ್ಲಿಯೇ ಸಿಕ್ಕಿಬೀಳುತ್ತಾನೆ. ಪಾತ್ರೆಯ ಅಳತೆ ಮಾತ್ರ ತಿಳಿದಿದ್ದರೆ ಪರೀಕ್ಷೆಯು ಯಂತ್ರ ಓಡುವ ಕಾಲಕ್ಕೆ ನಡೆಯುತ್ತದೆ. ಪಾತ್ರೆಯ ಅಳತೆಯೇ ತಿಳಿಯದಿದ್ದರೆ ಅದರ ಮೇರೆಯನ್ನು ಕಾಯಲು ಈ ವಿಧಾನಕ್ಕೆ ಸಾಧ್ಯವಿಲ್ಲ.

ಮುಂದಿನ ಸುಧಾರಣೆಯೂ ನಿಧಾನವಾಗಿಯೇ ಸಾಗಿತು. ಒಂದೇ ಪೆಟ್ಟಿಗೆಯ ಅಕ್ಕಪಕ್ಕದ ಖಾನೆಗಳನ್ನು ಉದ್ದೇಶಪೂರ್ವಕವಾಗಿ ಒಟ್ಟಿಗೆ ತುಂಬುವ ರೂಢಿ ಹಳೆಯ ಬರವಣಿಗೆಯಲ್ಲಿ ಹೇರಳವಾಗಿತ್ತು. ಪ್ರತಿ ಖಾನೆಯ ಮೇರೆಯನ್ನೂ ಕಾಯಬೇಕಾದರೆ ಅದನ್ನೆಲ್ಲ ತಿದ್ದಬೇಕಾಗಿತ್ತು. ಕೀಸ್ ಕುಕ್ ಮತ್ತು ಅವರ ಸಹೋದ್ಯೋಗಿಗಳ ಪರಿಶ್ರಮದಿಂದ ಬೈಟುಗಳ ನಕಲಿಗೂ ಪರಿವರ್ತನೆಯ ಕಾಲದಲ್ಲಿ ಈ ಬಿಗಿ ಪರೀಕ್ಷೆ ಅನ್ವಯವಾದದ್ದು 2022ರಲ್ಲಿ, ಲಿನಕ್ಸ್ 5.18ರಲ್ಲಿ.

ಈ ಸಂಗತಿಗಳಿಂದ ನಮಗೆ ವಿದಿತವಾಗುವುದಿಷ್ಟು. ದೋಷದ ಅರಿವಿಗೂ ಅದರ ನಿವಾರಣೆಗೂ ನಡುವೆ ಸಂದ ಸುಮಾರು 45 ವರ್ಷಗಳನ್ನು ಅಜ್ಞಾನದ ಲೆಕ್ಕಕ್ಕೆ ಬರೆಯಲಾಗದು. ಎಚ್ಚರವು ಬರೆಯುವವನ ಹೊಣೆಯೆಂದೂ, ಉಪಕರಣದ ಹೊಣೆಯಲ್ಲವೆಂದೂ ನಂಬಿದ ಪರಂಪರೆಯೇ ಅದಕ್ಕೆ ಮುಖ್ಯ ಕಾರಣ. ಮನುಷ್ಯನ ಜಾಗರೂಕತೆಯ ಸ್ಥಾನದಲ್ಲಿ ಅಳತೆಗೋಲನ್ನು ನಿಲ್ಲಿಸಿದಾಗ ಮಾತ್ರ ಸ್ಥಿತಿ ಬದಲಾಯಿತು.

ಆದರೆ ಅಳತೆಗೋಲಿಗೆ ಅರ್ಥ ತಿಳಿಯದು. ಲಿನಕ್ಸ್ ಕರ್ನೆಲ್ ಒಂದು ಕಾರ್ಯದ ಹೆಸರಿಗೆ ಇಂದಿಗೂ ಮೀಸಲಿಡುವುದು ಶೂನ್ಯವೂ ಸೇರಿ 16 ಬೈಟುಗಳನ್ನು. ಅಲ್ಲಿ ‘ಶಿವಾಜಿನಗರ’ವನ್ನು ಇಟ್ಟರೆ ಮೊದಲ 15 ಬೈಟುಗಳು, ಅಂದರೆ ‘ಶಿವಾಜ’ ಎಂಬಷ್ಟು ಮಾತ್ರ, ಉಳಿಯುತ್ತವೆ. ಯಂತ್ರಕ್ಕೆ ಅಪಾಯವಿಲ್ಲ, ಹೆಸರು ಮಾತ್ರ ಅಂಗಹೀನವಾಗುತ್ತದೆ. ಮೇರೆಯನ್ನು ಕಾಯುವುದು ಕಂಪೈಲರಿನ ಕೆಲಸ. ಕನ್ನಡದ ಹೆಸರು ಹಿಡಿಯುವಷ್ಟು ವಿಶಾಲವಾಗಿ ಮೇರೆಯನ್ನು ಹಾಕುವುದು ಬರೆಯುವವನದು. ಗಣಿತ ಮತ್ತು ತಂತ್ರಾಂಶವನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಈ ಎರಡನೆಯ ಹೊಣೆಯನ್ನು ಮರೆಯಬಾರದೆಂದು ನಾವು ಭಾವಿಸುತ್ತೇವೆ.