ವೀಸಾ, ಲಸಿಕೆ ಮತ್ತು ಮೈಸೂರಿನ ಒಂದು ಹಳೆಯ ನೆನಪು

ಮಕ್ಕಳೋ ಮೊಮ್ಮಕ್ಕಳೋ ಹೊರದೇಶದಲ್ಲಿ ನೆಲೆಸಿರುವ ಕುಟುಂಬಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವೇನಲ್ಲ. ಅಮೆರಿಕದ ಪೌರತ್ವ ಪಡೆದ ಮಗನೋ ಮಗಳೋ ತಂದೆತಾಯಿಯರನ್ನು ಕಾಯಂ ಆಗಿ ತಮ್ಮ ಬಳಿಗೆ ಕರೆಸಿಕೊಳ್ಳಲು ಬಯಸಿದಾಗ, ಬೀರುವಿನಲ್ಲಿ ಮಲಗಿದ್ದ ಹಳೆಯ ಕಾಗದಗಳೆಲ್ಲ ಹೊರಬರುತ್ತವೆ. ಜನನದ ಪತ್ರ, ಮದುವೆಯ ಪತ್ರ, ಗುರುಮನೆಯ ದಫ್ತರದಿಂದ ಬರೆಸಿ ತಂದ ಜ್ಞಾನಸ್ನಾನದ ಪತ್ರ, ಎಲ್ಲವೂ ಒಂದು ಕಡತದಲ್ಲಿ ಸೇರುತ್ತವೆ. ಕೊನೆಗೆ ವೈದ್ಯಕೀಯ ತಪಾಸಣೆಯ ದಿನ ಬರುತ್ತದೆ. ಅಲ್ಲಿನ ವೈದ್ಯರು ಕೇಳುವ ಪ್ರಶ್ನೆಗೆ ಮಾತ್ರ ಅನೇಕರ ಕಡತದಲ್ಲಿ ಉತ್ತರವಿರುವುದಿಲ್ಲ: ಈವರೆಗೆ ಯಾವ ಯಾವ ಲಸಿಕೆ ಹಾಕಿಸಿಕೊಂಡಿದ್ದೀರಿ, ದಾಖಲೆ ಎಲ್ಲಿದೆ?

ಎಪ್ಪತ್ತು ದಾಟಿದವರಿಗೆ ಈ ಪ್ರಶ್ನೆ ವಿಚಿತ್ರವೆನಿಸುತ್ತದೆ. ಕೆಲವರಿಗೆ ಅದು ಅವಮಾನವೆಂದೂ ತೋರುತ್ತದೆ. ‘ನಾವೇನು ರೋಗ ಹೊತ್ತು ಹೋಗುವವರೇ?’ ಎಂಬ ನೋವು ಸಹಜವಾದದ್ದೇ. ಆದರೆ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲಿಯೇ ನಡೆಯಿತು. ಅದರಲ್ಲಿ ಒಬ್ಬ ಕಥೋಲಿಕ ಗುರುಗಳೂ ಅರಮನೆಯ ಒಬ್ಬ ಎಳೆಯ ರಾಣಿಯೂ ಪಾಲುಗೊಂಡಿದ್ದರು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಮೊದಲು ನಿಯಮವೇನೆಂಬುದನ್ನು ನೋಡೋಣ. 1996ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ತಿದ್ದುಪಡಿ ಮಾಡಿ, ಕಾಯಂ ನೆಲೆಸಲು ಬರುವವರು ಕೆಲವು ಲಸಿಕೆಗಳನ್ನು ಹಾಕಿಸಿಕೊಂಡಿರಬೇಕೆಂದು ವಿಧಿಸಿತು. ದಡಾರ, ಮಂಗನಬಾವು, ರುಬೆಲ್ಲಾ, ಪೋಲಿಯೊ, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ ಮೊದಲಾದವು ಆ ಕಾನೂನಿನಲ್ಲಿಯೇ ಹೆಸರಿಸಲ್ಪಟ್ಟಿವೆ. ಎಲ್ಲರಿಗೂ ಎಲ್ಲ ಲಸಿಕೆಯೂ ಬೇಕಿಲ್ಲ. ಆಯಾ ವಯಸ್ಸಿಗೆ ತಕ್ಕವು ಮಾತ್ರ ಸಾಕು. ಆರೋಗ್ಯದ ಕಾರಣದಿಂದ ಒಂದು ಲಸಿಕೆ ಸಲ್ಲದವರಿಗೆ ವಿನಾಯಿತಿ ಇದೆ. ಪಟ್ಟಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. 2021ರ ಅಕ್ಟೋಬರಿನಲ್ಲಿ ಕೋವಿಡ್ ಲಸಿಕೆ ಅದರೊಳಗೆ ಸೇರಿತು. 2025ರಲ್ಲಿ ಅದನ್ನು ಕೈಬಿಡಲಾಯಿತು. ಪ್ರವಾಸಕ್ಕೆಂದೋ ಓದಿಗೆಂದೋ ಹೋಗುವವರಿಗೆ ವೀಸಾ ಕೊಡುವಾಗ ಈ ಕಾನೂನು ಲಸಿಕೆ ಕೇಳುವುದಿಲ್ಲ. ರೋಗವು ವೀಸಾದ ಬಗೆ ನೋಡಿ ಅಂಟುವುದಿಲ್ಲವಲ್ಲ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮನುಷ್ಯರು ಮಾಡಿದ ನಿಯಮಗಳಲ್ಲಿ ಇಂಥ ಕೊರತೆಗಳು ಇದ್ದೇ ಇರುತ್ತವೆ.

ಈಗ ಎರಡು ಶತಮಾನ ಹಿಂದಕ್ಕೆ ಹೋಗೋಣ. ಸಿಡುಬು ಅಂದು ಮನೆಮನೆಯ ಭಯ. ಬದುಕಿ ಉಳಿದವರ ಮುಖದಲ್ಲಿ ಕಲೆ ಉಳಿಯುತ್ತಿತ್ತು, ಕೆಲವರ ಕಣ್ಣೇ ಹೋಗುತ್ತಿತ್ತು. ಜನರು ಅದನ್ನು ‘ಅಮ್ಮ’ ಎಂದು ಕರೆದು, ಹೆಸರು ಹೇಳಲೂ ಅಂಜುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಅದರಿಂದ ಸಿಡುಬಿನ ಎದುರು ರಕ್ಷಣೆ ಸಿಗುವುದೆಂದು ತೋರಿಸಿದನು. ಆ ಲಸಿಕೆ ಬಾಗ್ದಾದ್ ಮತ್ತು ಬಸ್ರಾಗಳ ಮೂಲಕ ಮುಂಬಯಿಗೆ ಬಂದಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು ಭಾರತದಲ್ಲಿ ಅದನ್ನು ಮೊದಲು ಯಶಸ್ವಿಯಾಗಿ ಪಡೆದವಳಾದಳು.

ಅಂದು ಶೈತ್ಯಪೆಟ್ಟಿಗೆಯಿರಲಿಲ್ಲ. ದೂರದ ಬಿಸಿಲುದಾರಿಯಲ್ಲಿ ಒಣಗಿದ ಲಸಿಕೆ ಕೆಡುತ್ತಿತ್ತು. ಅದನ್ನು ಜೀವಂತವಾಗಿ ಒಯ್ಯಲು ಇದ್ದ ನಂಬಿಕೆಯ ದಾರಿ ಒಂದೇ, ಮನುಷ್ಯರ ತೋಳು. ಒಂದು ಮಗುವಿಗೆ ಲಸಿಕೆ ಹಾಕಿ, ಸುಮಾರು ಒಂದು ವಾರದ ನಂತರ ಎದ್ದ ಬೊಕ್ಕೆಯಿಂದ ನೀರು ತೆಗೆದು ಮತ್ತೊಂದು ಮಗುವಿಗೆ ಹಾಕುವುದು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಅದು ಸಾಗಬೇಕಿತ್ತು. ಈ ಭಾರ ಹೊತ್ತವರಲ್ಲಿ ಬಹುಮಂದಿ ಬಡವರ ಮಕ್ಕಳು. ‘ನಿನ್ನ ತೋಳನ್ನು ಕೊಡುವೆಯಾ’ ಎಂದು ಅವರನ್ನು ಯಾರೂ ಕೇಳಿರಲಾರರು. ಅವರ ಹೆಸರುಗಳು ಉಳಿದಿಲ್ಲ. ಇಂದು ನಾವು ಕ್ಷಣಮಾತ್ರದಲ್ಲಿ ಹಾಕಿಸಿಕೊಳ್ಳುವ ಚುಚ್ಚುಮದ್ದಿನ ಹಿಂದೆ ಈ ಅನಾಮಿಕ ಮಕ್ಕಳ ಋಣವಿದೆ.

ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸುತ್ತಿದ್ದವರು ಪ್ಯಾರಿಸ್ ಮಿಷನ್ ಸಭೆಯ ಅಬ್ಬೆ ದ್ಯುಬುವಾ. ಫ್ರಾನ್ಸಿನಲ್ಲಿ ಜನಿಸಿ 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಬಂದ ಅವರು, 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ ಚದುರಿಹೋಗಿದ್ದ ಇಲ್ಲಿನ ಕ್ರೈಸ್ತ ಸಮುದಾಯವನ್ನು ಒಟ್ಟುಗೂಡಿಸಲು ಈ ಸೀಮೆಗೆ ಆಗಮಿಸಿದರು. ನಾಡಿನ ಜನರಂತೆಯೇ ಉಟ್ಟು, ಉಂಡು ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎನ್ನುತ್ತಿದ್ದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತ ರೈತರಿಗೆ ನೆಲೆ ಕಲ್ಪಿಸಿದವರೂ ಅವರೇ. ಭಾರತೀಯರ ಆಚಾರವಿಚಾರಗಳ ಕುರಿತು ಅವರು ಬರೆದ ಗ್ರಂಥವನ್ನು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ. ಅದರಲ್ಲಿನ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಿಲ್ಲ. ಆದರೆ 1803–04ರಲ್ಲಿ ಅವರು ಮಾಡಿದ ಕೆಲಸವನ್ನು ಮರೆಯುವಂತಿಲ್ಲ. ಕೆಲವೇ ತಿಂಗಳುಗಳಲ್ಲಿ ಮೈಸೂರು ಸೀಮೆಯ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನೊಂದಿಗೆ ದಾಖಲಾಗಿದೆ. 1823ರಲ್ಲಿ ಅವರು ಭಾರತ ಬಿಟ್ಟು ಹೊರಟಾಗ ಈಸ್ಟ್ ಇಂಡಿಯಾ ಕಂಪನಿ ಅವರಿಗೆ ವಿಶ್ರಾಂತಿ ವೇತನ ನೀಡಿತು.

ಇದು ಸುಲಭದ ಕೆಲಸವಾಗಿರಲಿಲ್ಲ. ಪರದೇಶದವರು ತಂದ ವಸ್ತು, ಹಸುವಿನಿಂದ ಬಂದದ್ದು, ಅದೂ ಇನ್ನಾವುದೋ ಜಾತಿಯ ಮಗುವಿನ ಮೈಯಿಂದ ತೆಗೆದದ್ದು. ಜನ ಹಿಂಜರಿದರೆ ಆಶ್ಚರ್ಯವೇನು? ಲಸಿಕೆಗಿಂತ ಮೊದಲು ಅಲ್ಲಿ ಬೇಕಾಗಿದ್ದದ್ದು ನಂಬಿಕೆ.

ಆ ನಂಬಿಕೆಯನ್ನು ಗಳಿಸುವಲ್ಲಿ ಅರಮನೆಯೂ ಕೈಜೋಡಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಬಾಲಕರು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಮಹಾರಾಜರ ಎಳೆಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. ಅದರಿಂದ ಇತರರೂ ಧೈರ್ಯದಿಂದ ಮುಂದೆ ಬಂದರೆಂದು 1806ರ ವರದಿಯೊಂದು ತಿಳಿಸುತ್ತದೆ. ಐರಿಷ್ ಕಲಾವಿದ ಥಾಮಸ್ ಹಿಕ್ಕಿ ಸುಮಾರು 1805ರಲ್ಲಿ ಬರೆದ, ಮೈಸೂರಿನ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದಿದೆ. ಅವರು ನರ್ತಕಿಯರೆಂದು ಬಹುಕಾಲ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರು ಅದನ್ನು ಮರುಪರಿಶೀಲಿಸಿ, ಬಲಬದಿಯ ಯುವತಿ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳಿನ ಜಾಗವನ್ನು ತೋರಿಸುತ್ತಿರುವ ರಾಣಿ ದೇವಾಜಮ್ಮಣ್ಣಿಯೆಂದು ಅಭಿಪ್ರಾಯಪಟ್ಟರು. ಅಂತಃಪುರದ ಹೆಣ್ಣುಮಗಳೊಬ್ಬಳು ತನ್ನ ತೋಳನ್ನು ಲೋಕದೆದುರು ತೋರುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಇಂದಿನ ಪ್ರಮಾಣಪತ್ರವು ಮೊಹರಿನಿಂದ ಹೇಳುವುದನ್ನು ಆಕೆ ತನ್ನ ಮೈಯಿಂದಲೇ ಹೇಳಿದಳು.

ಅಲ್ಲಿಂದ ನೂರು ವರ್ಷ ಕಳೆಯುವುದರೊಳಗೆ ಇದಕ್ಕೆ ತೀರ ವಿರುದ್ಧವಾದ ದೃಶ್ಯವನ್ನೂ ನಮ್ಮ ಸೀಮೆ ಕಂಡಿತು. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. 1897ರ ಸಾಂಕ್ರಾಮಿಕ ರೋಗಗಳ ಕಾನೂನು ಬ್ರಿಟಿಷ್ ಅಧಿಕಾರಿಗಳ ಕೈಗೆ ಅಪಾರ ಬಲ ಕೊಟ್ಟಿತ್ತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಶಂಕಿತರನ್ನು ಮನೆಯವರಿಂದ ಬೇರ್ಪಡಿಸಿ ಶಿಬಿರಗಳಲ್ಲಿ ಇರಿಸುವುದು, ಮನೆಗಳನ್ನು ಹೊಕ್ಕು ಶೋಧಿಸುವುದು ನಡೆಯಿತು. ಮದ್ರಾಸ್ ಪ್ರಾಂತ್ಯದಲ್ಲಿ ಪ್ರಯಾಣಿಕರು ‘ಪ್ಲೇಗ್ ಪಾಸ್‌ಪೋರ್ಟ್’ ಪಡೆದು, ತಾವು ಹೋದ ಊರಿನಲ್ಲಿ ದಿನವೂ ಹಾಜರಾಗಬೇಕಿತ್ತು. ರೋಗದಷ್ಟೇ ಅಧಿಕಾರಿಯ ಬಗೆಗೂ ಜನರಿಗೆ ಭಯ ಹುಟ್ಟಿತು. ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಂನಲ್ಲಿ 1898ರಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಆಯಿತು. ‘ದೊಡ್ಡ ಸ್ವಾಮಿ’ಯವರು ನಡೆದಾಡಿದ ನೆಲವೇ ಅದು. ಒಮ್ಮೆ ತೋಳು ನೀಡಿದ್ದ ಸೀಮೆಯೇ ಈಗ ಕಲ್ಲೆತ್ತಿತು. ರೋಗ ತಡೆಯುವ ಉದ್ದೇಶ ಎರಡು ಕಾಲದಲ್ಲಿಯೂ ಒಂದೇ ಆಗಿತ್ತು. ಜನರನ್ನು ಕಂಡ ರೀತಿ ಮಾತ್ರ ಬೇರೆಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಬಂದವು. ವಿಶ್ವ ಆರೋಗ್ಯ ಸಂಸ್ಥೆಯ 1951ರ ನಿಯಮಗಳ ಪ್ರಕಾರ ದೇಶದಿಂದ ದೇಶಕ್ಕೆ ಹೋಗುವವರಿಂದ ಸಿಡುಬಿನ ಲಸಿಕೆಯ ಪ್ರಮಾಣಪತ್ರವನ್ನು ಕೇಳಬಹುದಾಗಿತ್ತು. ಅದರ ಅವಧಿ ಮೂರು ವರ್ಷ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾದ ನಂತರ ಹೊರಟ ನಮ್ಮ ನಾಡಿನ ವೈದ್ಯರು, ಎಂಜಿನಿಯರುಗಳು ಪಾಸ್‌ಪೋರ್ಟಿನೊಡನೆ ಈ ಪತ್ರವನ್ನೂ ಜೋಪಾನ ಮಾಡಿದ ಪೀಳಿಗೆಯವರು. ನಮ್ಮ ಹಳ್ಳಿಗಳಲ್ಲಿ ‘ದಾಕು ಹಾಕುವವರು’ ಮನೆಮನೆಗೆ ಬರುತ್ತಿದ್ದ ದಿನಗಳು ಅವು. ಭಾರತದಲ್ಲಿ 1975ರ ಮೇ ತಿಂಗಳ ನಂತರ ಸಿಡುಬು ಕಾಣಿಸಲಿಲ್ಲ. 1980ರ ಮೇ 8ರಂದು ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಆಗ ಆ ಪ್ರಮಾಣಪತ್ರದ ಅಗತ್ಯವೂ ಇಲ್ಲವಾಯಿತು. ಎಲ್ಲರೂ ತೋಳು ನೀಡಿದ್ದರಿಂದ ಮುಂದಿನವರು ನೀಡಬೇಕಾದ ಅಗತ್ಯವೇ ತಪ್ಪಿತು!

ಇನ್ನೊಂದು ಮಾತನ್ನೂ ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಈ ಬಗೆಯ ಪತ್ರವನ್ನು ಹೊರಗಿನವರು ಮಾತ್ರ ಕೇಳುವುದಲ್ಲ, ನಾವೂ ಕೇಳುತ್ತೇವೆ. ಹಳದಿ ಜ್ವರವಿರುವ ದೇಶಗಳಿಂದ ಬರುವವರು ಲಸಿಕೆಯ ಪತ್ರ ತೋರಿಸದಿದ್ದರೆ ಭಾರತ ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಲ್ಲದು. ಆ ರೋಗ ನಮ್ಮಲ್ಲಿಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳವಾಗಿದೆ. 2011ರ ಜನವರಿಯ ನಂತರ ನಮ್ಮಲ್ಲಿ ಕಾಡು ಪೋಲಿಯೊ ವೈರಾಣುವಿನಿಂದ ಯಾವ ಮಗುವೂ ಅಂಗವಿಕಲವಾಗಿಲ್ಲ. 2014ರ ಮಾರ್ಚಿನಲ್ಲಿ ನಮ್ಮ ವಲಯ ಪೋಲಿಯೊಮುಕ್ತವೆಂಬ ಮನ್ನಣೆ ಪಡೆಯಿತು. ಆ ವರ್ಷದಿಂದಲೇ, ಪೋಲಿಯೊ ಉಳಿದಿದ್ದ ದೇಶಗಳಿಂದ ಬರುವವರಿಗೆ ನಾವೂ ಹನಿಯ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿದೆವು. ಕಷ್ಟಪಟ್ಟು ಗಳಿಸಿದ ಕ್ಷೇಮವನ್ನು ಕಾಯುವುದು ಅತಿಥಿಗೆ ಮಾಡುವ ಅವಮಾನವಲ್ಲ. ಹಾಗಿದ್ದರೆ ನಮ್ಮನ್ನು ಕೇಳಿದಾಗ ಮಾತ್ರ ಅದು ಅವಮಾನವಾಗುವುದು ಹೇಗೆ?

ಶುಭಸಂದೇಶದಲ್ಲಿಯೂ ಇದಕ್ಕೆ ಹತ್ತಿರದ ಪ್ರಸಂಗವೊಂದಿದೆ. ಕುಷ್ಠರೋಗಿಯೊಬ್ಬನನ್ನು ಯೇಸುಸ್ವಾಮಿ ಮೊದಲು ಮುಟ್ಟಿದರು, ಗುಣಪಡಿಸಿದರು. ಆನಂತರ ಅವನನ್ನು ಯಾಜಕನ ಬಳಿಗೆ ಕಳುಹಿಸಿ, ಮೋಶೆಯ ವಿಧಿಯಂತೆ ತಪಾಸಣೆಗೆ ಒಪ್ಪಿಸಿಕೊಳ್ಳಲು ಹೇಳಿದರು. ಸ್ವಾಮಿ ತಪಾಸಣೆಯನ್ನು ತಿರಸ್ಕರಿಸಲಿಲ್ಲ. ಏಕೆಂದರೆ ಸಮುದಾಯವು ಆ ಮನುಷ್ಯನನ್ನು ಅಳುಕಿಲ್ಲದೆ ಮರಳಿ ಸೇರಿಸಿಕೊಳ್ಳಬೇಕಿತ್ತು. ಆದರೆ ತಪಾಸಣೆಗಿಂತ ಮೊದಲು ಸ್ಪರ್ಶವಿತ್ತು ಎಂಬುದನ್ನು ಗಮನಿಸಿರಿ. 2020ರ ಡಿಸೆಂಬರಿನಲ್ಲಿ ವ್ಯಾಟಿಕನ್ ಕೋವಿಡ್ ಲಸಿಕೆಯನ್ನು ಕುರಿತು ಹೊರಡಿಸಿದ ಟಿಪ್ಪಣಿಯು, ಲಸಿಕೆ ಪಡೆಯುವುದು ಸ್ವಇಚ್ಛೆಯಿಂದಾಗಬೇಕೆಂದೂ ಸರ್ವರ ಹಿತವನ್ನು ಮರೆಯಬಾರದೆಂದೂ ಜೊತೆಜೊತೆಯಾಗಿಯೇ ನೆನಪಿಸಿತು. ಮರುವರ್ಷ ಜಗದ್ಗುರು ಫ್ರಾನ್ಸಿಸರು ಲಸಿಕೆ ಪಡೆಯುವುದನ್ನು ಪ್ರೀತಿಯ ಕೃತ್ಯವೆಂದು ಬಣ್ಣಿಸಿದರು.

ಆದ್ದರಿಂದ ಓದುಗರೇ, ನಿಮ್ಮ ಮನೆಯ ಹಿರಿಯರಿಗೆ ಇಂಥ ತಪಾಸಣೆ ಎದುರಾದಾಗ ‘ಕಾನೂನು, ಮಾಡಿಸಲೇಬೇಕು’ ಎಂದು ಅವಸರಪಡಿಸದಿರಿ. ಯಾವ ಚುಚ್ಚುಮದ್ದು, ಏಕೆ ಎಂಬುದನ್ನು ಅವರ ಬಳಿ ಕುಳಿತು ವಿವರಿಸಿರಿ. ಅವರ ಕಾಯಿಲೆ, ಔಷಧಗಳ ವಿವರವನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿರಿ. ಎಳೆಯ ಮಕ್ಕಳ ತಾಯಿ ಕಾರ್ಡನ್ನು ಜ್ಞಾನಸ್ನಾನದ ಪತ್ರದಷ್ಟೇ ಜೋಪಾನವಾಗಿಡಿರಿ. ಕಾರ್ಡು ಕಳೆದವರು ಹಾಕಿಸಿಕೊಂಡ ಲಸಿಕೆಯನ್ನೇ ಮತ್ತೆ ಹಾಕಿಸಿಕೊಳ್ಳಬೇಕಾಗಬಹುದು. ವಿದೇಶಕ್ಕೆ ಹೋಗದವರಿಗೂ ಈ ಮಾತು ಸಲ್ಲುತ್ತದೆ, ಏಕೆಂದರೆ ನೆರೆಮನೆಯ ಹಸುಳೆಯ ಕ್ಷೇಮಕ್ಕೆ ಯಾವ ವೀಸಾವೂ ಬೇಕಿಲ್ಲ.

ಮುಂದೊಮ್ಮೆ ವೈದ್ಯರೆದುರು ತೋಳು ಚಾಚುವಾಗ, ತಮ್ಮ ತೋಳಿನಲ್ಲಿ ಊರಿಂದೂರಿಗೆ ಲಸಿಕೆ ಹೊತ್ತ ಆ ಹೆಸರಿಲ್ಲದ ಮಕ್ಕಳಿಗಾಗಿ ಒಂದು ಪುಟ್ಟ ಪ್ರಾರ್ಥನೆಯನ್ನು ಸಲ್ಲಿಸಿರಿ. ಅವರು ಯಾವ ದೇಶಕ್ಕೂ ವಲಸೆ ಹೋಗಲಿಲ್ಲ. ನಾವು ಎಲ್ಲಿಗಾದರೂ ನಿರ್ಭಯವಾಗಿ ಹೋಗುವಂತೆ ಮಾಡಿದವರಲ್ಲಿ ಅವರೂ ಇದ್ದಾರೆ.