ಶ್ರೀಗಂಧದೆಣ್ಣೆಯ ಪರೀಕ್ಷೆ: ಮೂಗು, ರಸಾಯನ ಮತ್ತು ರೇಖೆ

ರಾಜಾಜಿನಗರದ ಸೋಪ್ ಫ್ಯಾಕ್ಟರಿಯ ಹೆಸರು ಇಂದು ಮೆಟ್ರೋ ನಿಲ್ದಾಣವೊಂದಕ್ಕೂ ಇದೆ. ಕಾರ್ಖಾನೆ ಇಲ್ಲಿಗೆ ಬಂದದ್ದು 1957ರಲ್ಲಿ. ಗಂಧದೆಣ್ಣೆಯ ಉದ್ಯಮ ಅದಕ್ಕೂ ಹಳೆಯದು. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಹೋಗಬೇಕಿದ್ದ ಗಂಧದ ಕೊರಡುಗಳು ಮೈಸೂರು ಸಂಸ್ಥಾನದಲ್ಲಿಯೇ ಉಳಿದವು. ಆಗ ಟಾಟಾ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಸುವ ಕಾರ್ಯ ಆರಂಭವಾಯಿತು.

ಎಣ್ಣೆ ಅಪ್ಪಟವೆಂದು ತಿಳಿಯುವುದು ಹೇಗೆ? ಸಾಗರ, ಸೊರಬದ ಗುಡಿಗಾರರು ಚೇಗನ್ನು ಬಣ್ಣ, ತೂಕ, ವಾಸನೆಗಳಿಂದ ಅರಿಯುತ್ತಾರೆ; ಈ ಅರಿವು ಕುಲಕಸುಬಿನೊಡನೆ ಕೈಯಿಂದ ಕೈಗೆ ದಾಟಿದ್ದು. ವ್ಯಾಪಾರಕ್ಕೆ ಮಾತ್ರ ಅಂಕಿ ಬೇಕಾಯಿತು. ಹಳೆಯ ಪ್ರಯೋಗಾಲಯಗಳು ಎಣ್ಣೆಯನ್ನು ಅಸಿಟಿಕ್ ಅನ್‌ಹೈಡ್ರೈಡ್‌ನೊಡನೆ ಕಾಯಿಸಿ, ಅದರಲ್ಲಿರುವ ಆಲ್ಕೋಹಾಲುಗಳ ಒಟ್ಟು ಪ್ರಮಾಣವನ್ನು 'ಸ್ಯಾಂಟಲಾಲ್' ಎಂದು ಲೆಕ್ಕಹಾಕುತ್ತಿದ್ದವು. ಶೇಕಡ 90 ಇದ್ದರೆ ಎಣ್ಣೆ ಉತ್ತಮ. ದೋಷವಿದ್ದುದು ಇಲ್ಲಿಯೇ: ಬೇರೆ ಆಲ್ಕೋಹಾಲನ್ನು ಬೆರೆಸಿದರೂ ಅದು ಗಂಧದ ಲೆಕ್ಕಕ್ಕೇ ಸೇರುತ್ತಿತ್ತು.

1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಗ್ಯಾಸ್ ಕ್ರೊಮಾಟೋಗ್ರಫಿ ಈ ಮರೆಯನ್ನು ಸರಿಸಿತು. ತೊಟ್ಟಿಗಿಂತಲೂ ಕಡಿಮೆ ಎಣ್ಣೆಯನ್ನು ಆವಿಯಾಗಿಸಿ, ಅನಿಲದ ಹರಿವಿನಲ್ಲಿ ಉದ್ದನೆಯ ಸಣ್ಣ ನಳಿಗೆಯ ಮೂಲಕ ಸಾಗಿಸಿದಾಗ ಪ್ರತಿ ಘಟಕವೂ ತನ್ನದೇ ಹೊತ್ತಿಗೆ ಹೊರಬಂದು ರೇಖೆಯಲ್ಲಿ ಒಂದು ಶಿಖರವಾಗಿ ಮೂಡುತ್ತದೆ. ಮೊದಲು ಬರುವವು ಸ್ಯಾಂಟಲೀನ್‌ಗಳು, ಅಂದರೆ ಹದಿನೈದು ಇಂಗಾಲದ ಹೈಡ್ರೋಕಾರ್ಬನ್‌ಗಳು. ಎಣ್ಣೆಯಲ್ಲಿ ಅವುಗಳ ಪಾಲು ಅಲ್ಪ. ಅನಂತರ ಸ್ಯಾಂಟಲಾಲ್‌ಗಳು, ಆಲ್ಫಾ ಬೇರೆ, ಬೀಟಾ ಬೇರೆ. 2002ರ ಅಂತರರಾಷ್ಟ್ರೀಯ ಮಾನಕವು ಆಲ್ಫಾ ಸ್ಯಾಂಟಲಾಲ್‌ಗೆ ಶೇಕಡ 41ರಿಂದ 55, ಬೀಟಾಗೆ 16ರಿಂದ 24 ಎಂಬ ಮಿತಿಗಳನ್ನು ವಿಧಿಸಿದೆ.

ಅಲ್ಪವೆಂದು ಸ್ಯಾಂಟಲೀನನ್ನು ಕಡೆಗಣಿಸುವುದು ಸರಿಯಲ್ಲ. ಮರದೊಳಗೆ ಸ್ಯಾಂಟಲಾಲ್ ಹುಟ್ಟುವುದು ಈ ಹೈಡ್ರೋಕಾರ್ಬನ್‌ನಿಂದಲೇ. ಎಳೆಯ ಮರದ ಎಣ್ಣೆಯಲ್ಲಿ ಇದರ ಪಾಲು ಹೆಚ್ಚು, ಸ್ಯಾಂಟಲಾಲ್ ಕಡಿಮೆ. ಹೀಗಾಗಿ ರೇಖೆಯ ಆರಂಭದ ಆ ಪುಟ್ಟ ಶಿಖರಗಳು ಕಲಬೆರಕೆಯ ಜೊತೆಗೆ ಮರದ ವಯಸ್ಸಿನ ಬಗೆಗೂ ಸುಳಿವು ಕೊಡಬಲ್ಲವು. ಬಲಿಯದ ಮರವನ್ನು ಗುಡಿಗಾರನೂ ಬದಿಗಿಡುತ್ತಾನೆ, ಬೇರೆ ಕಾರಣ ಹೇಳಿ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಜಮೀನಿನ ಶ್ರೀಗಂಧ ರೈತನದಾಯಿತು. ಬೇಗ ಕಡಿದ ಮರದ ಬೆಲೆಯನ್ನು ನಿಷ್ಕರ್ಷಿಸುವಾಗ ರೈತನೆದುರಿಗೆ ಬರಬಹುದಾದ ಸಾಕ್ಷ್ಯ ಇದೇ ರೇಖೆ.